ಎರಡು ಗಂಟೆ ಬಿಟ್ಟು ನೋಡಿ

ಊರಿಗೆಲ್ಲ ಆಕೆ ದೂರಿನ ಮೇಡಂ. ಅಕ್ಕನಿಗೆ ಮಾತ್ರ ಪುಟ್ಟಿ. ಐವತ್ತೊಂಬತ್ತು ತುಂಬಿ, ಕೂದಲು ಮುಕ್ಕಾಲು ಪಾಲು ಬೆಳ್ಳಗಾಗಿ, ಕೆಲಸದಿಂದ ನಿವೃತ್ತಿಯೂ ಆಗಿರುವ ಹೆಂಗಸನ್ನು ಪುಟ್ಟಿ ಎನ್ನುವುದು ಸರಿಯೇ ಎಂದು ಯಾರಾದರೂ ಕೇಳಬಹುದು. ಅಕ್ಕನ ಎದುರು ನಿಂತು ಕೇಳುವ ಧೈರ್ಯವಿದ್ದವರು ಕೇಳಿಕೊಳ್ಳಲಿ. ನಾವು ಸುಮ್ಮನೆ ಪುಟ್ಟಿ ಎಂದೇ ಕರೆಯೋಣ, ಜಗಳ ಬೇಡ.

ಪುಟ್ಟಿ ಇಪ್ಪತ್ತೆಂಟು ವರ್ಷ ನೀರು ಸರಬರಾಜು ಕಚೇರಿಯ ದೂರು ಕೌಂಟರಿನಲ್ಲಿ ಕೂತವಳು. ಕಂಬಿ ಹಾಕಿದ ಕಿಟಕಿ, ಬಲಗೈ ಪಕ್ಕ ಒಂದು ಫೋನು, ಮುಂದೆ ಉದ್ದನೆಯ ರಿಜಿಸ್ಟರು. ರಿಜಿಸ್ಟರಿನಲ್ಲಿ ನಾಲ್ಕು ಕಾಲಂ: ದೂರುದಾರರ ಹೆಸರು, ದೂರಿನ ವಿವರ, ವಿಳಾಸ, ಪರಿಹಾರ. ಕೆಲಸಕ್ಕೆ ಸೇರಿದ ಮೊದಲ ದಿನವೇ ಹೆಡ್ ಗುಮಾಸ್ತರು ಅವಳನ್ನು ಪಕ್ಕಕ್ಕೆ ಕರೆದು ಕಿವಿಮಾತು ಹೇಳಿದ್ದರು.

“ಯಾರು ಬಂದು ನೀರಿಲ್ಲ ಅಂದ್ರೂ, ಲೈನಲ್ಲಿ ಗಾಳಿ ತುಂಬಿದೆ, ಎರಡು ಗಂಟೆ ಬಿಟ್ಟು ನೋಡಿ ಅಂತ ಹೇಳಮ್ಮ. ಮೋಟಾರು ಸುಟ್ಟಿರಲಿ, ವಾಲ್ವ್ ತಿರುಗಿಸೋನು ರಜೆ ಹಾಕಿರಲಿ, ಹೇಳೋದು ಮಾತ್ರ ಗಾಳಿ. ಗಾಳಿ ಯಾರ ಕಣ್ಣಿಗೂ ಬೀಳಲ್ಲ ನೋಡು, ಅದಕ್ಕೆ ಯಾರೂ ಜಗಳಕ್ಕೆ ಬರಲ್ಲ.”

ಪುಟ್ಟಿ ಹಾಗೆಯೇ ಹೇಳಿದಳು. ದಿನಕ್ಕೆ ಹತ್ತು ಹನ್ನೆರಡು ಸಲ, ವರ್ಷಗಟ್ಟಲೆ, ತಲೆ ಎತ್ತದೆ ಹೇಳಿದಳು. ಹೇಳಿ ಹೇಳಿ ಆ ಮಾತು ನಾಲಿಗೆಯ ಮೇಲೆ ಸವೆದು ನುಣ್ಣಗಾಗಿತ್ತು. ಅದು ನಿಜವೋ ಸುಳ್ಳೋ ಎಂಬ ಅನುಮಾನ ಅವಳಿಗೆ ಯಾವತ್ತೂ ಬರಲಿಲ್ಲ. ಶುದ್ಧ ಸುಳ್ಳು ಎಂದು ಅವಳಿಗೆ ಖಾತ್ರಿಯಿತ್ತು. ಮುಂದೆ ಆದ ಫಜೀತಿಗೆಲ್ಲ ಆ ಖಾತ್ರಿಯೇ ಕಾರಣ, ಅದನ್ನೇ ಈಗ ಹೇಳಹೊರಟಿರುವುದು.

ಇನ್ನೊಂದು ವಿಷಯವನ್ನೂ ಮೊದಲೇ ಹೇಳಿಬಿಡಬೇಕು. ಊರಿನ ನೀರಿನ ದೂರುಗಳನ್ನೆಲ್ಲ ಬರೆದುಕೊಳ್ಳುತ್ತಿದ್ದ ಈ ಪುಟ್ಟಿಯ ಸ್ವಂತ ಮನೆಯಲ್ಲಿ ನಲ್ಲಿಯೇ ಇರಲಿಲ್ಲ. ಅಕ್ಕತಂಗಿಯರಿಬ್ಬರೂ ಮದುವೆಯಾದವರಲ್ಲ. ಹಳೆಯ ಕಟ್ಟಡವೊಂದರ ಮಹಡಿಯ ಬಾಡಿಗೆ ಕೋಣೆಯಲ್ಲಿ ಬದುಕೆಲ್ಲ ಕಳೆದರು. ನಲ್ಲಿ ಕೆಳಗೆ ಅಂಗಳದಲ್ಲಿ. ಮೇಲಕ್ಕೆ ಮೂವತ್ತೆರಡು ಮೆಟ್ಟಿಲು. ಪುಟ್ಟಿ ಬೆಳಿಗ್ಗೆ ಎಂಟಕ್ಕೆಲ್ಲ ಕಚೇರಿಗೆ ಹೊರಡುತ್ತಿದ್ದಳು. ಅಕ್ಕ ಮನೆಯಲ್ಲೇ ಬಟ್ಟೆ ಹೊಲಿಯುವವಳು. ನೀರು ಬರುವ ಹೊತ್ತಿಗೆ ಮನೆಯಲ್ಲಿದ್ದವರು ಹೊರಬೇಕು, ಹೊತ್ತಳು. ದಿನಕ್ಕೆ ಆರು ಕೊಡ. ಅರವತ್ತನಾಲ್ಕರ ಹೊತ್ತಿಗೆ ಅಕ್ಕನ ಎರಡು ಮಂಡಿಗಳೂ ಕೈಕೊಟ್ಟಿದ್ದವು, ಕೈಗೆ ಕೋಲು ಬಂದಿತ್ತು. ಯಾರಾದರೂ ಕೇಳಿದರೆ ಅಕ್ಕ, “ಹೊಲಿಗೆ ಮಿಷನ್ ತುಳಿದು ತುಳಿದು ಹಿಂಗಾಯ್ತು” ಎನ್ನುತ್ತಿದ್ದಳು. ಪುಟ್ಟಿಗೆ ಮಾತ್ರ ಅದು ಮಿಷನ್ನಿನ ಕೆಲಸವಲ್ಲ ಎಂದು ಗೊತ್ತಿತ್ತು.

ಒಂದು ಸಲ, ಇಪ್ಪತ್ತೆರಡು ವರ್ಷದ ಹಿಂದೆ, ಅಂಗಳದ ನಲ್ಲಿಯೂ ಮೂರು ದಿನ ನಿಂತುಹೋಗಿತ್ತು. ಅಕ್ಕ ನೇರ ಕಚೇರಿಗೆ ಬಂದು ಸಾಲಿನಲ್ಲಿ ನಿಂತು, ತನ್ನ ಸರದಿ ಬಂದಾಗ “ನೀರು ಬರ್ತಿಲ್ಲ” ಎಂದಳು. ರಿಜಿಸ್ಟರಿನಲ್ಲಿ ಮುಖ ಹುದುಗಿಸಿಕೊಂಡಿದ್ದ ಪುಟ್ಟಿ, “ಲೈನಲ್ಲಿ ಗಾಳಿ ತುಂಬಿದೆ, ಎರಡು ಗಂಟೆ ಬಿಟ್ಟು ನೋಡಿ” ಎಂದಳು. ಅಕ್ಕ, “ಆಯ್ತು ಮೇಡಂ” ಎಂದು ಹೆಸರು, ವಿಳಾಸ ಬರೆಸದೆಯೇ ವಾಪಸು ನಡೆದಳು. ಸಂಜೆ ಮನೆಗೆ ಬಂದ ಮೇಲೆ ವಿಷಯ ತಿಳಿದು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಎಷ್ಟೋ ವರ್ಷ ಅದನ್ನು ನೆನೆದು ನಕ್ಕರು. ಆದರೆ ನಕ್ಕು ಮುಗಿದ ಮೇಲೆ ಪ್ರತಿ ಸಲವೂ ಪುಟ್ಟಿಗೆ ಒಂದು ಕೊರಗು ಉಳಿಯುತ್ತಿತ್ತು. ಅಕ್ಕನ ದನಿಯೂ ತನಗೆ ಗುರುತು ಸಿಗಲಿಲ್ಲವಲ್ಲ ಎಂದು.

ನಿವೃತ್ತಿಯ ವರ್ಷವೇ ಕಟ್ಟಡದ ಮಾಲೀಕರು ಕಟ್ಟಡ ಕೆಡವುತ್ತೇವೆ, ಖಾಲಿ ಮಾಡಿ ಎಂದರು. ಬೇರೆಯವರಾಗಿದ್ದರೆ ಇನ್ನೊಂದು ಬಾಡಿಗೆ ಮನೆ ಹುಡುಕುತ್ತಿದ್ದರು. ಪುಟ್ಟಿಗೆ ಹಟ ಹತ್ತಿತು. ಊರಿನಿಂದ ಮುಕ್ಕಾಲು ಗಂಟೆಯ ದಾರಿಯಲ್ಲಿ, ಗುಡ್ಡದ ಮಗ್ಗುಲಲ್ಲಿ ಒಂದು ಚೂರು ಜಾಗ ಹಿಡಿದಳು. ಅಲ್ಲಿಗೆ ಪೈಪೂ ಬಂದಿಲ್ಲ, ಕರೆಂಟಿನ ಕಂಬವೂ ಬಂದಿಲ್ಲ. ಇದ್ದದ್ದು ಒಂದು ಒರತೆ, ಬೇಕಾದಷ್ಟು ಬಿಸಿಲು, ಮತ್ತೆ ಬೇಡದಷ್ಟು ಕಲ್ಲು. ಕಚೇರಿಯವರು ಬೀಳ್ಕೊಡುಗೆಯ ದಿನ ಗೋಡೆ ಗಡಿಯಾರ ಕೊಡಲು ಬಂದಾಗ ಅವಳು, “ಗಡಿಯಾರ ಬೇಡ, ಬರೆಯದೇ ಇರೋ ಒಂದು ದೂರಿನ ರಿಜಿಸ್ಟರ್ ಕೊಡಿ” ಎಂದು ಕೇಳಿ ಪಡೆದಿದ್ದಳು. ಎಲ್ಲರೂ ತಮಾಷೆ ಎಂದುಕೊಂಡರು.

ಮನೆ ಹದಿನೆಂಟು ಅಡಿ ಉದ್ದ, ಒಂಬತ್ತು ಅಡಿ ಅಗಲ. ಮರದ ಚೌಕಟ್ಟು, ಹಲಗೆಯ ಗೋಡೆ, ತಗಡಿನ ಸೂರನ್ನು ಬಡಗಿಯೊಬ್ಬ ಎಬ್ಬಿಸಿ ಕೊಟ್ಟು ಹೋದ. ಒಳಗಿನದೆಲ್ಲ ದಿನಾ ಬೆಳಿಗ್ಗೆ ಬಂದು ರಾತ್ರಿ ಅಕ್ಕನ ಹತ್ತಿರ ಮರಳುತ್ತಿದ್ದ ಪುಟ್ಟಿಯ ಕೈಕೆಲಸ. ಒಳಗೆ ಹೋಗಲು ಒಂದೇ ಒಂದು ಮೆಟ್ಟಿಲಿಲ್ಲ, ಇಳಿಜಾರು ಹಲಗೆ. ಅಕ್ಕನ ಮಂಚ ಸರಿಯಾಗಿ ಕುರ್ಚಿಯ ಎತ್ತರಕ್ಕೆ, ಎದ್ದು ಕೂರಲು ಮಂಡಿ ನೋಯದ ಹಾಗೆ. ಅದರ ಕೆಳಗೆ ಬಟ್ಟೆ ಇಡಲು ಡ್ರಾಯರು. ಕಿಟಕಿಯ ಕೆಳಗೆ ಹೊಲಿಗೆ ಮಿಷನ್ನಿಗೆ ಅಳತೆ ಮಾಡಿ ಬಿಟ್ಟ ಜಾಗ. ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಮೂರು ಕಡೆ ಹಿಡಿ. ಸೂರಿನ ಮೇಲೆ ಎರಡು ಸೋಲಾರ್ ಹಲಗೆ, ಎರಡು ಬಲ್ಬಿಗೂ ಒಂದು ಫ್ಯಾನಿಗೂ ಸಾಕಾಗುವಷ್ಟು. ಕಕ್ಕಸಿಗೆ ನೀರೇ ಬೇಡ, ಒಂದು ಚೊಂಬು ಮರದ ಹೊಟ್ಟು ಸುರಿದರೆ ಆಯಿತು. ತಿಂಗಳುಗಟ್ಟಲೆ ಬಿಟ್ಟರೆ ಗೊಬ್ಬರ. ಬಚ್ಚಲಿನ ನೀರು ಜಲ್ಲಿ ತುಂಬಿದ ಗುಂಡಿಗೆ ಇಳಿದು, ಅಲ್ಲಿಂದ ಕುಂಬಳದ ಬಳ್ಳಿಗೆ. ನೋಡಿದವರು ಮೂಗಿನ ಮೇಲೆ ಬೆರಳಿಡಬೇಕು, ಹಾಗಿತ್ತು ಮನೆ.

ಇಷ್ಟಾದರೂ ಪೈಪಿನ ಕೆಲಸಕ್ಕೆ ಕೈಹಾಕಿದಾಗ ಪುಟ್ಟಿಯ ಬಂಡವಾಳ ಬಯಲಾಯಿತು. ಇಪ್ಪತ್ತೆಂಟು ವರ್ಷ ದೂರು ಬರೆದುಕೊಂಡವಳಿಗೆ ಎಲ್ಬೋ, ಟೀ, ಯೂನಿಯನ್, ವಾಷರ್ ಎಲ್ಲದರ ಹೆಸರೂ ಬಾಯಿಪಾಠ. ಹಾರ್ಡ್‌ವೇರ್ ಅಂಗಡಿಗೆ ಹೋಗಿ ಗತ್ತಿನಿಂದಲೇ, “ಆರು ಎಲ್ಬೋ ಕೊಡಿ” ಎಂದಳು.

“ಅರ್ಧ ಇಂಚಿಂದೋ, ಮುಕ್ಕಾಲು ಇಂಚಿಂದೋ?” ಎಂದರು ಅಂಗಡಿಯವರು.

ಪುಟ್ಟಿ ಕಕ್ಕಾಬಿಕ್ಕಿಯಾದಳು. ಎಲ್ಬೋ ಒಡೆದಿದೆ ಎಂದು ದೂರು ಕೊಟ್ಟವರು ಯಾರೂ ಅಳತೆ ಹೇಳಿದ್ದಿಲ್ಲ. ಸುಮ್ಮನೆ, “ಎರಡರಲ್ಲೂ ಕೊಡಿ” ಎಂದು ಮರ್ಯಾದೆ ಉಳಿಸಿಕೊಂಡು ಬಂದಳು.

ಅಂಟು ಹಚ್ಚುವುದನ್ನು ಕಲಿಯುವಾಗ ಎಡಗೈ ಹೆಬ್ಬೆರಳು ಪೈಪಿಗೇ ಅಂಟಿಕೊಂಡು ಅರ್ಧ ಗಂಟೆ ಪೈಪು ಹಿಡಿದುಕೊಂಡೇ ಮನೆಯೆಲ್ಲ ಓಡಾಡಿದಳು. ಇನ್ನೊಂದು ದಿನ ಬಹಳ ನಾಜೂಕಾಗಿ ಎರಡು ಪೈಪು ಸೇರಿಸುವ ಯೂನಿಯನ್ ಅಂಟಿಸಿ, ಒರೆಸಿ, ಹಿಂದೆ ಸರಿದು ಮೆಚ್ಚಿಕೊಂಡು ನೋಡುವಾಗ ಅದರ ತಿರುಪಿನ ಬಳೆ ಮೇಜಿನ ಮೇಲೆ ಕೂತಿತ್ತು. ಅಂಟಿಸುವ ಮೊದಲು ಪೈಪಿಗೆ ತೊಡಿಸಬೇಕಾದದ್ದು ಅದು. ಅಷ್ಟೂ ಕತ್ತರಿಸಿ ಎಸೆಯಬೇಕಾಯಿತು. ಪ್ರತಿ ಎಡವಟ್ಟನ್ನೂ ಅವಳು ರಿಜಿಸ್ಟರಿನಲ್ಲಿ ಬರೆದಳು. ದೂರುದಾರರು: ನಾನು. ದೂರಿನ ವಿವರ: ಬಳೆ ತೊಡಿಸದೆ ಅಂಟಿಸಿದ್ದು. ಪರಿಹಾರ: ಇನ್ನು ಮುಂದೆ ಕಣ್ಣುಬಿಟ್ಟು ಕೆಲಸ ಮಾಡುವುದು. ಎರಡು ತಿಂಗಳಲ್ಲಿ ನಲವತ್ತೊಂದು ದೂರು ದಾಖಲಾಗಿ ನಲವತ್ತೊಂದೂ ಇತ್ಯರ್ಥವಾದವು. ಕಚೇರಿಯಲ್ಲಿ ಒಂದು ವರ್ಷವೂ ಇಷ್ಟು ಚೊಕ್ಕ ಲೆಕ್ಕ ಇರಲಿಲ್ಲ.

ಕೊನೆಗೆ ಉಳಿದದ್ದು ಒರತೆಯ ನೀರು ತರುವ ಕೆಲಸ. ಒರತೆಯ ಬುಡದಲ್ಲಿ, ಕಲ್ಲಿನ ಕಟ್ಟೆಯ ಮೇಲೆ ಒಂದು ಕಪ್ಪು ಟ್ಯಾಂಕು ಕೂರಿಸಿದಳು. ಅಲ್ಲಿಂದ ಮನೆಗೆ ನೂರಿಪ್ಪತ್ತು ಅಡಿ. ಮನೆ ಟ್ಯಾಂಕಿಗಿಂತ ಎರಡಾಳು ಕೆಳಗೆ. ಮೋಟಾರು ಬೇಡ, ನೀರು ತಾನಾಗಿ ಇಳಿಯಬೇಕು. ದಾರಿಗೆ ಅಡ್ಡವಾಗಿ ಆನೆ ಮಲಗಿದ ಹಾಗೆ ಒಂದು ಬಂಡೆಯಿತ್ತು.

“ಬಂಡೆ ಸುತ್ತಿ ತಗೊಂಡು ಹೋಗಿ ಮೇಡಂ,” ಎಂದಿದ್ದರು ಅಂಗಡಿಯವರು.

ಸುತ್ತಿದರೆ ಮೂವತ್ತು ಅಡಿ ಪೈಪು ಹೆಚ್ಚು, ಜೊತೆಗೆ ಅಷ್ಟುದ್ದ ನೆಲ ಅಗೆಯಬೇಕು. ಬಂಡೆಯ ನೆತ್ತಿ ಹೇಗೂ ಟ್ಯಾಂಕಿನ ನೀರಿಗಿಂತ ಒಂದಡಿ ಕೆಳಗೇ ಇದೆ ಎಂದು ಪುಟ್ಟಿ ದಾರ ಕಟ್ಟಿ ಅಳೆದು ನೋಡಿದಳು. ಕೆಳಗಿದ್ದ ಮೇಲೆ ನೀರು ಹೋಗದೆ ಎಲ್ಲಿ ಹೋಗುತ್ತದೆ? ಪೈಪನ್ನು ಬಂಡೆಯ ಮೇಲೆ ಹತ್ತಿಸಿ, ಆಚೆ ಇಳಿಸಿ, ಮನೆಯ ನೆಲಹಲಗೆಯ ಕೆಳಗೆ ತೂರಿಸಿ, ಅಲ್ಲಿಂದ ಮೇಲಕ್ಕೆ ನಲ್ಲಿಗೆ ಜೋಡಿಸಿದಳು. ಕಪ್ಪು ಪೈಪು ಬಂಡೆಯ ಬೆನ್ನ ಮೇಲೆ ನೆಟ್ಟಗೆ ಮಲಗಿದ್ದು ನೋಡಲು ಚೆನ್ನಾಗಿಯೇ ಇತ್ತು.

ಅಕ್ಕ ಬಂದದ್ದು ಸೋಮವಾರ, ಹಾರ್ಡ್‌ವೇರ್ ಅಂಗಡಿಯವರ ಸಾಮಾನಿನ ವ್ಯಾನಿನಲ್ಲಿ, ಮುಂದಿನ ಸೀಟಿನಲ್ಲಿ ಕೋಲು ಹಿಡಿದು ಕೂತು. ಹಿಂದೆ ಹೊಲಿಗೆ ಮಿಷನ್ನು, ಹಳೆಯ ಕಂಬಳಿಯಲ್ಲಿ ಸುತ್ತಿ ಹಗ್ಗ ಬಿಗಿದದ್ದು. ಅಕ್ಕ ಇಳಿಜಾರು ಹಲಗೆ ಹತ್ತಿ ಒಳಗೆ ಬಂದಳು. ಮಂಚದ ಮೇಲೆ ಕೂತು ಎದ್ದಳು, ಮತ್ತೆ ಕೂತು ಎದ್ದಳು. ಕಿಟಕಿ ತೆಗೆದಳು. ಕಕ್ಕಸಿನ ವಿವರ ಕೇಳಿ, “ಹೊಟ್ಟು ಹಾಕೋದಾ? ನಾನೇನು ಕುರಿಯೇ?” ಎಂದು ನಕ್ಕಳು. ಎಲ್ಲ ನೋಡಿಯಾದ ಮೇಲೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದಳು.

ನಲ್ಲಿ ಒಂದು ನಿಟ್ಟುಸಿರು ಬಿಟ್ಟು, ಒಂದು ಚಮಚ ನೀರು ಉಗುಳಿ, ಸುಮ್ಮನಾಯಿತು.

ಪುಟ್ಟಿಯ ಮುಖದ ಬಣ್ಣ ಇಳಿಯಿತು. “ನಿನ್ನೆ ಸಂಜೆ ತಾನೇ ಎಲ್ಲಾ ಜೋಡಿಸಿದ್ದು ಅಕ್ಕಾ. ಬರುತ್ತೆ. ಇರು, ನೋಡ್ತೀನಿ.”

ಅಕ್ಕ ಹೊರಗೆ ಬಂದು ಕುರ್ಚಿಯಲ್ಲಿ ಕೂತಳು. ಕೋಲನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡಳು. ಹಾಗಿಟ್ಟುಕೊಂಡರೆ ಏನೋ ಗಟ್ಟಿ ಮಾತು ಬರಲಿದೆ ಎಂದು ಪುಟ್ಟಿಗೆ ಗೊತ್ತು.

“ಮನೆ ಚೆನ್ನಾಗಿದೆ ಪುಟ್ಟಿ, ಸುಳ್ಳು ಹೇಳಲ್ಲ. ಆದ್ರೆ ಒಂದು ಮಾತು ಕೇಳು. ಚಿಕ್ಕಮ್ಮನ ಮಗಳು ಬಾ ಬಾ ಅಂತ ಕರೀತಾನೇ ಇದಾಳೆ. ಅವಳ ಮನೇಲಿ ಕೆಳಗಿನ ರೂಮು ಖಾಲಿ ಇದೆ, ನಲ್ಲಿ ಇದೆ. ಇಲ್ಲಿ ನೀರು ಹೊರಬೇಕು ಅಂದ್ರೆ ಹೊರೋದು ಯಾರು? ನೀನು. ನನ್ನ ಮಂಡಿ ಹೋಯ್ತು, ಹೋಗಲಿ. ನಿನ್ನ ಮಂಡೀನೂ ಹೋಗೋದು ನೋಡ್ಕೊಂಡು ನಾನು ಈ ಮಂಚದ ಮೇಲೆ ಕೂತಿರಲ್ಲ. ಶನಿವಾರ ನಾಲ್ಕು ಗಂಟೆಗೆ ವ್ಯಾನು ಬರೋಕೆ ಹೇಳಿದೀನಿ. ಅಷ್ಟರೊಳಗೆ ಆ ನಲ್ಲೀಲಿ ನೀರು ಬಂತೋ, ಮಿಷನ್ನಿನ ಹಗ್ಗ ಬಿಚ್ತೀನಿ. ಬರಲಿಲ್ವೋ, ಹಂಗೇ ವ್ಯಾನಿಗೆ ಏರಿಸ್ತೀನಿ.”

ಪುಟ್ಟಿ ಆಗಲಿ ಎಂದು ತಲೆಯಾಡಿಸಿದಳು. ಹುಟ್ಟಿದಾಗಿನಿಂದ ಒಂದು ದಿನವೂ ಅವಳು ಅಕ್ಕನನ್ನು ಬಿಟ್ಟು ಇದ್ದವಳಲ್ಲ. ಈ ಮನೆಯ ಒಂದೊಂದು ಮೊಳೆಯನ್ನೂ ಅಕ್ಕನನ್ನು ನೆನೆದೇ ಹೊಡೆದಿದ್ದಳು. ಅಕ್ಕ ಇಲ್ಲದಿದ್ದರೆ ಇದು ಹದಿನೆಂಟಕ್ಕೆ ಒಂಬತ್ತು ಅಡಿಯ ಪೆಟ್ಟಿಗೆ, ಅಷ್ಟೇ.

ಮಂಗಳವಾರ ನಲ್ಲಿ ಬಿಚ್ಚಿದಳು. ವಾಷರು ಹೊಸದು, ತೂತು ಸ್ವಚ್ಛ. ಬುಧವಾರ ನೆಲಹಲಗೆ ಎಬ್ಬಿಸಿ, ಹೊಟ್ಟೆಯ ಮೇಲೆ ಮಲಗಿ, ಕೆಳಗಿನ ಯೂನಿಯನ್ ತಿರುಗಿಸಿದಳು. ಅಲ್ಲಿ ನೀರು ಬಂತು! ಸಣ್ಣಗೆ ಬಂತು, ಆದರೆ ಬಂತು. ಕುಣಿದಾಡುತ್ತ ಮತ್ತೆ ಬಿಗಿದು ಬಚ್ಚಲಿಗೆ ಓಡಿದರೆ ನಲ್ಲಿಯಲ್ಲಿ ಅದೇ ನಿಟ್ಟುಸಿರು. ಬಿಚ್ಚಿದರೆ ಬರುತ್ತದೆ, ಜೋಡಿಸಿದರೆ ಬರುವುದಿಲ್ಲ. ಹಾಗಾದರೆ ಯೂನಿಯನ್ನಿಗೂ ನಲ್ಲಿಗೂ ನಡುವೆ ಏನೋ ಕಟ್ಟಿಕೊಂಡಿರಬೇಕು. ಗುರುವಾರ ಅಷ್ಟನ್ನೂ ಕತ್ತರಿಸಿ, ಹೊಸ ಪೈಪು, ಹೊಸ ಎಲ್ಬೋ ಹಾಕಿದಳು. ಈ ಸಲ ಬಳೆಯನ್ನು ಮೊದಲೇ ತೊಡಿಸಿದಳು ಎಂಬುದನ್ನು ಅವಳ ಪರವಾಗಿ ಹೇಳಲೇಬೇಕು. ನಲ್ಲಿ ಜಪ್ಪಯ್ಯ ಎಂದರೂ ಬಗ್ಗಲಿಲ್ಲ.

ಈ ನಡುವೆ ಕುಡಿಯಲು, ಅಡುಗೆಗೆ, ಸ್ನಾನಕ್ಕೆ ಎಲ್ಲಕ್ಕೂ ಟ್ಯಾಂಕಿನ ಬಾಯಿಂದ ಬಕೆಟು ತುಂಬಿ ತರುತ್ತಿದ್ದದ್ದು ಪುಟ್ಟಿ. ಅಕ್ಕ ಕುರ್ಚಿಯಲ್ಲಿ ಕೂತು ನೋಡುತ್ತಿದ್ದಳು. ಬಕೆಟು ಇಳಿಸುವಾಗ ಪುಟ್ಟಿ ಸೊಂಟಕ್ಕೆ ಕೈಕೊಟ್ಟರೆ ಅಕ್ಕ ಮುಖ ತಿರುಗಿಸುತ್ತಿದ್ದಳು.

ಶುಕ್ರವಾರ ಬೆಳಿಗ್ಗೆ ಪುಟ್ಟಿ ನೆಲಹಲಗೆಯ ಕೆಳಗಿಂದ ತೆವಳಿ ಹೊರಬಂದಾಗ ಕುರ್ಚಿ ಖಾಲಿಯಿತ್ತು. ನೋಡಿದರೆ ಅಕ್ಕ ಬಂಡೆಯ ಪಕ್ಕದ ಏರಿನಲ್ಲಿ, ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಒಂದು ಚಿಕ್ಕ ತಂಬಿಗೆ, ಒಂದು ಹೆಜ್ಜೆಗೆ ಒಂದು ಸಲ ನಿಂತು ಉಸಿರು ತೆಗೆದುಕೊಳ್ಳುತ್ತ ಟ್ಯಾಂಕಿನ ಕಡೆ ಹತ್ತುತ್ತಿದ್ದಳು.

“ಅಕ್ಕಾ! ಏನು ಮಾಡ್ತಿದೀಯ?”

“ನೀರು ತರ್ತಿದೀನಿ. ಅಭ್ಯಾಸ ಇದೆ.”

ಪುಟ್ಟಿ ಓಡಿಹೋಗಿ ತಂಬಿಗೆ ಕಿತ್ತುಕೊಂಡಳು. ಕೋಪ ಬಂದಿತ್ತು, ಯಾರ ಮೇಲೆ ಎಂದು ಅವಳಿಗೇ ತಿಳಿಯಲಿಲ್ಲ. ಅಕ್ಕನನ್ನು ತೋಳು ಹಿಡಿದು ಇಳಿಸಿ ತಂದು ಕೂರಿಸಿದಳು. ಆ ದಿನ ರಿಜಿಸ್ಟರಿನಲ್ಲಿ ದೂರು ಸಂಖ್ಯೆ ನಲವತ್ತೆರಡು ಬರೆದಳು: ನಲ್ಲಿಯಲ್ಲಿ ನೀರಿಲ್ಲ. ಪರಿಹಾರದ ಕಾಲಂನಲ್ಲಿ ಬರೆಯಲು ಏನೂ ತೋಚದೆ ಪೆನ್ನು ಮುಚ್ಚಿಟ್ಟಳು.

ಶನಿವಾರ ಹನ್ನೊಂದು ಗಂಟೆಗೆ ಪುಟ್ಟಿ ಬಚ್ಚಲಿನ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಕೂದಲಲ್ಲಿ ಮಣ್ಣು, ಕೈಯೆಲ್ಲ ಅಂಟು. ಮತ್ತೆ ಏನು ಬಿಚ್ಚುವುದೆಂದು ಹೊಳೆಯುತ್ತಿರಲಿಲ್ಲ. ಆಗ ಹೊರಗೆ ಅಕ್ಕ ಫೋನಿನಲ್ಲಿ ಯಾರೊಂದಿಗೋ ಮಾತಾಡುವುದು ಕೇಳಿಸಿತು. ಅಕ್ಕನಿಗೆ ಕಿವಿ ಸ್ವಲ್ಪ ಮಂದ. ಫೋನನ್ನು ಯಾವಾಗಲೂ ಎಲ್ಲರಿಗೂ ಕೇಳುವಂತೆ ಜೋರಾಗಿ ಇಟ್ಟುಕೊಳ್ಳುವಳು.

“ನೀರು ಸರಬರಾಜು, ದೂರು ವಿಭಾಗ, ಹೇಳಿ.”

ಪುಟ್ಟಿ ದಡಬಡಿಸಿ ಎದ್ದಳು. ಅದು ಅವಳ ಕೌಂಟರು! ಆ ದನಿ ಅವಳ ಜಾಗಕ್ಕೆ ಬಂದ ಹೊಸ ಹುಡುಗಿಯದು. ಕೆಲಸ ಕಲಿಸಿ ಬಂದವಳು ಪುಟ್ಟಿಯೇ. ಅಕ್ಕನಿಗೆ ಆ ನಂಬರು ಇಪ್ಪತ್ತೆಂಟು ವರ್ಷದಿಂದ ಬಾಯಿಪಾಠ.

“ನಲ್ಲೀಲಿ ನೀರು ಬರ್ತಿಲ್ಲಮ್ಮ. ಸೋಮವಾರದಿಂದ,” ಎಂದಳು ಅಕ್ಕ.

“ಲೈನಲ್ಲಿ ಗಾಳಿ ತುಂಬಿರುತ್ತೆ ಮೇಡಂ. ಎರಡು ಗಂಟೆ ಬಿಟ್ಟು ನೋಡಿ.”

“ಅಕ್ಕಾ, ಫೋನ್ ಇಡು!” ಪುಟ್ಟಿ ಬಾಗಿಲಿಗೆ ಬಂದು ಪಿಸುಗುಟ್ಟಿದಳು. “ಅದು ನಾನೇ ಹೇಳಿಕೊಟ್ಟಿದ್ದು. ಬರೀ ಸುಳ್ಳು!”

ಅಕ್ಕ ಕೈಸನ್ನೆ ಮಾಡಿ ಅವಳ ಬಾಯಿ ಮುಚ್ಚಿಸಿದಳು. “ಅಲ್ಲಮ್ಮ, ಗಾಳಿ ಅಂದ್ಯಲ್ಲ, ಅದು ಎಲ್ಲಿ ತುಂಬಿರುತ್ತೆ?”

ಈ ಪ್ರಶ್ನೆಯನ್ನು ಆ ಕೌಂಟರಿನಲ್ಲಿ ಯಾರೂ ಕೇಳಿದ್ದೇ ಇಲ್ಲ. ಕೇಳಿದ್ದರೆ ಏನು ಹೇಳಬೇಕೆಂದು ಹೆಡ್ ಗುಮಾಸ್ತರು ಪುಟ್ಟಿಗೆ ಹೇಳಿಕೊಟ್ಟಿರಲಿಲ್ಲ, ಪುಟ್ಟಿ ಹುಡುಗಿಗೆ ಹೇಳಿಕೊಟ್ಟಿರಲಿಲ್ಲ. “ಒಂದು ನಿಮಿಷ ಮೇಡಂ,” ಎಂದು ಹುಡುಗಿ ಅಲ್ಲೇ ಇದ್ದ ಯಾರನ್ನೋ ಕೇಳಿದಳು. ದೂರದಿಂದ ವಾಲ್ವ್ ತಿರುಗಿಸುವ ಮುದುಕನ ಗೊಗ್ಗರು ದನಿ ಕೇಳಿಸಿತು. ಹುಡುಗಿ ಮತ್ತೆ ಬಂದಳು.

“ಪೈಪು ಎಲ್ಲಿ ಮೇಲೆ ಹತ್ತಿ ಕೆಳಗೆ ಇಳಿಯುತ್ತೋ ಅಲ್ಲಿ, ನೆತ್ತೀಲಿ ಕೂತಿರುತ್ತಂತೆ ಮೇಡಂ. ಆ ಕಡೆ ಈ ಕಡೆ ನೀರು, ಮಧ್ಯ ಗಾಳಿ. ಅಲ್ಲೇ ಒಂದು ದಾರಿ ಮಾಡಿ ಬಿಟ್ರೆ ಹೋಗುತ್ತಂತೆ. ವಿಳಾಸ ಹೇಳಿ, ಬರ್ಕೊತೀನಿ.”

“ವಿಳಾಸ ಇನ್ನೂ ಗೊತ್ತಿಲ್ಲಮ್ಮ,” ಎಂದಳು ಅಕ್ಕ. “ನಾಲ್ಕು ಗಂಟೆಗೆ ಗೊತ್ತಾಗುತ್ತೆ.” ಫೋನು ಇಟ್ಟಳು.

ಪುಟ್ಟಿಗೆ ಆ ಕೊನೆಯ ಮಾತು ಚುರುಕ್ಕೆಂದಿತು. ಆದರೆ ಅಳಲು ಪುರುಸೊತ್ತಿರಲಿಲ್ಲ. ಇಬ್ಬರೂ ಒಟ್ಟಿಗೆ ಬಂಡೆಯ ಕಡೆ ನೋಡಿದರು. ಬಂಡೆಯ ಬೆನ್ನ ಮೇಲೆ ಕಪ್ಪು ಪೈಪು, ಏರಿ ಇಳಿದು, ಏನೂ ಅರಿಯದ ಹಾಗೆ ಮಲಗಿತ್ತು.

“ಗಾಳಿ ಅನ್ನೋದು ಸುಳ್ಳು ಅಕ್ಕಾ,” ಎಂದಳು ಪುಟ್ಟಿ ಮತ್ತೊಮ್ಮೆ. ಈ ಸಲ ದನಿಯಲ್ಲಿ ಗಟ್ಟಿಯಿರಲಿಲ್ಲ.

“ನೀನು ಸುಳ್ಳು ಅಂದ್ಕೊಂಡು ಹೇಳ್ದೆ. ಅದು ಯಾವಾಗಲೂ ಸುಳ್ಳೇ ಆಗಿರಬೇಕು ಅಂತ ಏನಿದೆ?” ಅಕ್ಕ ತನ್ನ ಹೊಲಿಗೆಯ ಡಬ್ಬಿ ಎಳೆದುಕೊಂಡು ಹಾಸಿಗೆ ಹೊಲಿಯುವ ದಬ್ಬಳವನ್ನು ಹುಡುಕಿ ತೆಗೆದಳು. ಬೆರಳುದ್ದದ ದಪ್ಪ ಸೂಜಿ. “ಒಲೆ ಮೇಲೆ ಕಾಯಿಸ್ಕೊಂಡು ಹೋಗಿ ಅಲ್ಲಿ ಚುಚ್ಚು. ನಾನು ನಲ್ಲಿ ಹತ್ರ ಕೂತಿರ್ತೀನಿ.”

“ಹೊಸ ಪೈಪಿಗೆ ತೂತಾ?”

“ವಾರದಿಂದ ಮನೆಯೆಲ್ಲ ಕತ್ತರಿಸಿ ಹಾಕಿದೀಯ. ಒಂದು ತೂತಿಗೆ ಹೆದರ್ತೀಯಾ? ಎರಡು ಗಂಟೆ ಬಿಟ್ಟು ನೋಡು ಅಂದಿದ್ದೆ ನನಗೆ. ಇಪ್ಪತ್ತೆರಡು ವರ್ಷ ಆಯ್ತು. ಹೋಗು!”

ಪುಟ್ಟಿ ಇಕ್ಕಳದಲ್ಲಿ ಕಾದ ದಬ್ಬಳ ಹಿಡಿದು ಏರು ಹತ್ತಿದಳು. ಬಂಡೆಯ ನೆತ್ತಿಯ ಮೇಲೆ ಮಂಡಿಯೂರಿ, ಪೈಪಿನ ಬೆನ್ನಿಗೆ ಸೂಜಿಯ ಮೊನೆ ಇಟ್ಟು ಒತ್ತಿದಳು. ಒಂದು ಎಳೆ ಹೊಗೆ ಎದ್ದಿತು. ಸೂಜಿ ಹೊರಗೆ ಎಳೆದಳು.

ಸುಯ್ ಎಂದಿತು.

ಅವಳು ಕೆನ್ನೆ ಹತ್ತಿರ ತಂದಳು. ಗಾಳಿ. ತಣ್ಣನೆಯ, ಸಣ್ಣ ಎಳೆಯ ಗಾಳಿ, ಬಿಡದೆ ಬರುತ್ತಿತ್ತು. ಕೆಳಗಿನ ಯೂನಿಯನ್ನಿನವರೆಗೆ ಸಣ್ಣಗೆ ಇಳಿದ ನೀರನ್ನು ಅದಕ್ಕಿಂತ ಮೇಲಿದ್ದ ನಲ್ಲಿಗೆ ಹತ್ತಲು ಬಿಡದೆ ತಡೆದದ್ದು ಇದೇ. ಇಪ್ಪತ್ತೆಂಟು ವರ್ಷ ಬಾಯಲ್ಲಿ ಹೇಳಿದ್ದನ್ನು ಈಗ ಮೊದಲ ಸಲ ಕೆನ್ನೆಯ ಮೇಲೆ ಮುಟ್ಟಿಸಿಕೊಂಡಳು. ನಗು ಬಂತು, ನಾಚಿಕೆಯೂ ಆಯಿತು. ಕಿಟಕಿಯ ಆಚೆ ನಿಂತು “ಆಯ್ತು ಮೇಡಂ” ಎಂದು ಹೋದವರಲ್ಲಿ ಎಷ್ಟು ಮಂದಿಗೆ ತಾನು ಗೊತ್ತಿಲ್ಲದೆ ನಿಜ ಹೇಳಿದ್ದೆನೋ, ಎಲ್ಲಿ ಎಂದು ಒಂದು ಸಲ ತಾನೇ ಕೇಳಿ ತಿಳಿದುಕೊಂಡಿದ್ದರೆ ಎಷ್ಟು ಮನೆಯ ಕೊಡಗಳು ಉಳಿಯುತ್ತಿದ್ದವೋ ಎನಿಸಿತು. ಗಡಿಯಾರ ನೋಡಿಕೊಂಡಳು. ಹನ್ನೆರಡಕ್ಕೆ ಇಪ್ಪತ್ತು ನಿಮಿಷವಿತ್ತು.

ಕಾಲು ಗಂಟೆ ಕಳೆಯಿತು. ಸುಯ್ ಎನ್ನುವುದು ಗೊರಗೊರ ಆಯಿತು, ತೂತಿನಿಂದ ಒಂದು ಹನಿ ಇಣುಕಿತು, ಮರುಕ್ಷಣ ದಾರದಂಥ ನೀರು ಎದ್ದು ಅವಳ ಕನ್ನಡಕಕ್ಕೇ ಹೊಡೆಯಿತು. ಪುಟ್ಟಿ ಹೆಬ್ಬೆರಳಿನಿಂದ ತೂತು ಒತ್ತಿಹಿಡಿದು ಉಸಿರು ಬಿಗಿಹಿಡಿದಳು. ಮನೆಯ ಕಡೆಯಿಂದ ಯಾರೋ ಕೆಮ್ಮಿದಂತೆ ಕೇಳಿಸಿತು. ಅಕ್ಕ ಕೆಮ್ಮಿದ್ದಲ್ಲ. ಮತ್ತೆ ಕೆಮ್ಮು, ದೊಡ್ಡ ಕೆಮ್ಮು. ಆಮೇಲೆ ಬಕೆಟಿನ ತಳಕ್ಕೆ ನೀರು ಬೀಳುವ ಸದ್ದು.

“ಪುಟ್ಟೀ!” ಎಂದು ಅಕ್ಕ ಕೂಗಿದಳು.

ಪುಟ್ಟಿ ತೂತಿಗೆ ಸೈಕಲ್ ಟ್ಯೂಬಿನ ಚೂರು ಬಿಗಿದು ಓಡಿಬಂದಾಗ ಅಕ್ಕ ಬಚ್ಚಲಿನ ಮಣೆಯ ಮೇಲೆ ಕೂತು, ಎರಡು ಕೈಯನ್ನೂ ನೀರಿಗೆ ಹಿಡಿದಿದ್ದಳು. ಬಕೆಟು ತುಂಬಿ ಚೆಲ್ಲುತ್ತಿತ್ತು. ನಲ್ಲಿ ನಿಲ್ಲಿಸಬೇಕೆಂದು ಇಬ್ಬರಿಗೂ ತೋಚಲಿಲ್ಲ. ಹೊತ್ತು ತಂದ ನೀರನ್ನು ಒಂದು ದಿನವೂ ಚೆಲ್ಲಿದವಳಲ್ಲ ಅಕ್ಕ. ಈಗ ಚೆಲ್ಲಿ ಹೋಗುವುದನ್ನು ನೋಡುತ್ತ ಸುಮ್ಮನೆ ಕೂತಿದ್ದಳು. ಪುಟ್ಟಿ ಪಕ್ಕದಲ್ಲೇ ಒದ್ದೆ ನೆಲದ ಮೇಲೆ ಕೂತು, ಅಕ್ಕನ ಮಂಡಿಗೆ ತಲೆಯಾನಿಸಿ, ಸ್ವಲ್ಪ ಹೊತ್ತು ಅತ್ತಳು.

“ಅಳು ನಿಲ್ಸು. ನೀರು ಸಾಕಷ್ಟಿದೆ,” ಎಂದಳು ಅಕ್ಕ.

ನಾಲ್ಕಕ್ಕೆ ಸರಿಯಾಗಿ ವ್ಯಾನಿನ ಹಾರ್ನ್ ಕೇಳಿಸಿತು. ಹಾರ್ಡ್‌ವೇರ್ ಅಂಗಡಿಯವರು ಇಳಿದು ಬಂದರು. ಬಂಡೆಯ ಮೇಲಿನ ಸೈಕಲ್ ಟ್ಯೂಬಿನ ಕಟ್ಟು ಕಂಡು ತಲೆಯ ಮೇಲೆ ಕೈಯಿಟ್ಟುಕೊಂಡರು. “ದಬ್ಬಳ ಚುಚ್ಚಿದ್ರಾ? ಪೈಪಿಗಾ? ಬಂಡೆ ಸುತ್ತಿ ತಗೊಂಡು ಹೋಗಿ ಅಂತ ಬಡ್ಕೊಂಡೆನಲ್ಲ ಮೇಡಂ!” ಎಂದು ಗೊಣಗಿದರು. ಆದರೆ ವ್ಯಾನಿನಲ್ಲೇ ಇದ್ದ ಮೂರು ಬಾಯಿಯ ಒಂದು ಟೀ ಜೋಡಣೆ, ಒಂದು ಪುಟ್ಟ ವಾಲ್ವ್ ತಂದು, ತೂತಿದ್ದ ಜಾಗ ಕತ್ತರಿಸಿ ಹತ್ತು ನಿಮಿಷದಲ್ಲಿ ಕೂರಿಸಿಕೊಟ್ಟರು. ಇನ್ನು ಗಾಳಿ ಸೇರಿಕೊಂಡರೆ ತಿರುಪು ಸಡಿಲಿಸಿದರೆ ಸಾಕು. ಕೈ ಒರೆಸಿಕೊಂಡು ಕಂಬಳಿ ಸುತ್ತಿದ ಹೊಲಿಗೆ ಮಿಷನ್ನಿನ ಹತ್ತಿರ ಬಂದು, “ಇದನ್ನ ಏರಿಸಲಾ?” ಎಂದು ಕೇಳಿದರು.

ಪುಟ್ಟಿ ಅಕ್ಕನ ಮುಖ ನೋಡಿದಳು. ಅಕ್ಕ ಕೋಲನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡು ಕೂತಿದ್ದಳು.

“ಆ ರಿಜಿಸ್ಟರ್ ತಗೊಂಡು ಬಾ,” ಎಂದಳು ಅಕ್ಕ. “ದೂರು ಬರ್ಕೊ.”

ಪುಟ್ಟಿ ತಂದು ಬಿಚ್ಚಿದಳು. ಹೆಸರಿನ ಕಾಲಂನಲ್ಲಿ ‘ಅಕ್ಕ’ ಎಂದು ಬರೆದು ಕಾದಳು.

“ನೀರು ತಣ್ಣಗಿದೆ. ನನ್ನ ಮಂಡಿಗೆ ಬಿಸಿನೀರು ಬೇಕು. ಸೂರಿನ ಮೇಲೆ ಅಷ್ಟು ಬಿಸಿಲು ಬೀಳುತ್ತೆ, ಅಲ್ಲೊಂದು ಪೈಪು ಸುತ್ತಿ ಹಾಕೋಕೆ ಏನು ಧಾಡಿ? ಎರಡನೇದು, ನಲ್ಲಿ ಕತ್ತಿನ ಹತ್ರ ತೊಟ್ಟಿಕ್ಕುತ್ತೆ. ಮೂರನೇದು, ಆ ಹೊಟ್ಟಿನ ಡಬ್ಬ ಕೈಗೆ ಎಟಕಲ್ಲ, ಕೆಳಗಿಡಬೇಕು.”

ಪುಟ್ಟಿ ಒಂದೂ ಬಿಡದೆ ಬರೆದುಕೊಂಡಳು. ಮುಂದಿನ ಕಾಲಂಗೆ ಬಂದಾಗ ಪೆನ್ನು ನಿಂತಿತು. ಇಪ್ಪತ್ತೆಂಟು ವರ್ಷ ತಲೆ ಎತ್ತದೆ ಕೇಳಿದ ಪ್ರಶ್ನೆಯನ್ನು ಈ ಸಲ ತಲೆ ಎತ್ತಿ, ಅಕ್ಕನ ಕಣ್ಣು ನೋಡಿ ಕೇಳಿದಳು.

“ದೂರುದಾರರ ವಿಳಾಸ?”

“ಇದೇ ಮನೆ,” ಎಂದಳು ಅಕ್ಕ. ಆಮೇಲೆ ಅಂಗಡಿಯವರ ಕಡೆ ತಿರುಗಿ, “ನಿಂತು ನೋಡ್ತೀರೇನು? ಆ ಹಗ್ಗ ಬಿಚ್ಚಿ,” ಎಂದಳು.